ಕಾಳು ಬಿಟ್ಟಿತು, ಬೇಡಿ ಬಿಗಿಯಿತು: ಎಲಿ ವಿಟ್ನಿಯ ಜಿನ್ನು ಮತ್ತು ನಮ್ಮ ಹತ್ತಿ

ಹೈಸ್ಕೂಲಿನ ಚರಿತ್ರೆ ಪುಸ್ತಕದಲ್ಲಿ ಕೈಗಾರಿಕಾ ಕ್ರಾಂತಿಯ ಪಾಠ ಬಂದಾಗ ಒಂದು ಪಟ್ಟಿ ಬರ್ತದೆ. ಹಾರ್ಗ್ರೀವ್ಸ್ ಕಂಡುಹಿಡಿದ ಜೆನ್ನಿ, ಆರ್ಕ್‌ರೈಟನ ನೀರಿನಿಂದ ತಿರುಗುವ ನೂಲುಯಂತ್ರ, ಕ್ರಾಂಪ್ಟನ್ನನ ಮ್ಯೂಲ್, ಕಾರ್ಟ್‌ರೈಟನ ಯಂತ್ರಮಗ್ಗ, ಕೊನೆಗೆ ಅಮೆರಿಕದ ಎಲಿ ವಿಟ್ನಿಯ ಹತ್ತಿ ಜಿನ್ನು. ಮೇಷ್ಟ್ರು ಓದಿ ಹೇಳ್ತಾರೆ, ಮಕ್ಕಳು ಬಾಯಿಪಾಠ ಮಾಡ್ತಾರೆ, ಪರೀಕ್ಷೆಯಲ್ಲಿ 'ಹೊಂದಿಸಿ ಬರೆಯಿರಿ' ಅಂತ ಬಂದರೆ ಒಂದು ಅಂಕ. ಅಲ್ಲಿಗೆ ವಿಟ್ನಿಯ ಕತೆ ಮುಗೀತು.

ಆದರೆ ಆ ಒಂದು ಅಂಕದ ಹಿಂದೆ ಲಕ್ಷಾಂತರ ಜನರ ಬೆನ್ನಿನ ಬರೆಗಳಿವೆ. ಧಾರವಾಡ ಸೀಮೆಯ ಎರೆಹೊಲಗಳಿವೆ. ಬೆಂಗಳೂರಿನ ಲಾಲ್‌ಬಾಗಿಗೆ ಅಂಟಿಕೊಂಡಿರುವ ಸಿದ್ದಾಪುರದಂಥ ಬಡಾವಣೆಗಳಿಂದ ಬೆಳಿಗ್ಗೆ ಬುತ್ತಿ ಹಿಡಿದು ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಕ್ಕಳೂ ಅದೇ ಕತೆಯೊಳಗೆ ಇದ್ದಾರೆ. ಯಂತ್ರ ಯಾರಿಗಾಗಿ ಬಂತು, ಯಾವ ಕೆಲಸಕ್ಕೆ ಬಂತು, ಯಾವ ಕೆಲಸಕ್ಕೆ ಬರಲೇ ಇಲ್ಲ ಎಂದು ಕೇಳಿಕೊಂಡರೆ ಈ ಎಳೆ ಕಾಣಿಸ್ತದೆ. ಹಾಗೆ ಕೇಳಿಕೊಳ್ಳೋಣ.

1

ಎಲಿ ವಿಟ್ನಿ ಹುಟ್ಟಿದ್ದು 1765ರಲ್ಲಿ, ಅಮೆರಿಕದ ಉತ್ತರ ಭಾಗದ ಮ್ಯಾಸಚುಸೆಟ್ಸಿನ ಒಕ್ಕಲು ಮನೆಯಲ್ಲಿ. ಯೇಲ್ ಕಾಲೇಜಿನಲ್ಲಿ ಓದಿ, ಮನೆಪಾಠದ ನೌಕರಿ ಹುಡುಕಿಕೊಂಡು ದಕ್ಷಿಣಕ್ಕೆ ಹೋದ. ಜಾರ್ಜಿಯಾದಲ್ಲಿ ಕ್ಯಾಥರೀನ್ ಗ್ರೀನ್ ಎಂಬ ವಿಧವೆಯ ತೋಟದ ಮನೆಯಲ್ಲಿ ಉಳಿದುಕೊಂಡ. ಅದು ಗುಲಾಮರು ದುಡಿಯುತ್ತಿದ್ದ ತೋಟ. ಅಲ್ಲಿ ಸೇರುತ್ತಿದ್ದ ತೋಟದೊಡೆಯರ ಬಾಯಲ್ಲಿ ಒಂದೇ ಮಾತು: ನಮ್ಮ ನೆಲದಲ್ಲಿ ಹತ್ತಿ ಬೆಳೀತದೆ, ಇಂಗ್ಲೆಂಡಿನ ಗಿರಣಿಗಳು ಹತ್ತಿ ಕೊಡಿ ಅಂತ ಬಾಯಿ ಬಿಡ್ತಿವೆ, ಆದರೆ ಈ ಹತ್ತಿಯ ಹಸಿರು ಕಾಳು ಅರಳೆಗೆ ಕಚ್ಚಿ ಹಿಡಿದುಕೊಂಡಿರ್ತದೆ, ಕೈಯಲ್ಲಿ ಬಿಡಿಸಿದರೆ ದಿನಕ್ಕೆ ಒಂದು ಪೌಂಡು ಆಗೋದೂ ಕಷ್ಟ.

1793ರಲ್ಲಿ ವಿಟ್ನಿ ಒಂದು ಪೆಟ್ಟಿಗೆ ಮಾಡಿದ. ಒಳಗೊಂದು ಉರುಳೆ, ಅದರ ಮೈತುಂಬ ತಂತಿಯ ಹಲ್ಲು. ಎದುರಿಗೆ ಸಂದು ಸಂದಾಗಿ ಪಟ್ಟಿ. ಹಿಡಿಕೆ ತಿರುಗಿಸಿದರೆ ಹಲ್ಲುಗಳು ಅರಳೆಯನ್ನು ಸಂದಿನಿಂದ ಆಚೆಗೆ ಎಳೀತಾವೆ, ಸಂದಿನಲ್ಲಿ ತೂರಲಾರದ ಕಾಳು ಈಚೆಗೇ ಉಳೀತದೆ. ಇನ್ನೊಂದು ಕಡೆಯಿಂದ ತಿರುಗುವ ಬ್ರಷ್ಷು ಹಲ್ಲಿಗೆ ಸಿಕ್ಕ ಅರಳೆಯನ್ನು ಬಾಚಿ ಹಾಕ್ತದೆ. ಒಬ್ಬ ಮನುಷ್ಯ ತಿರುಗಿಸಿದರೆ ಹಿಂದಿನ ಹತ್ತರಷ್ಟು, ಕುದುರೆ ಕಟ್ಟಿದರೆ ಐವತ್ತರಷ್ಟು ಕೆಲಸ ಅಂತ ಆತ ಅಪ್ಪನಿಗೆ ಕಾಗದ ಬರೆದ. 1794ರ ಮಾರ್ಚಿಯಲ್ಲಿ ಪೇಟೆಂಟ್ ಸಿಕ್ಕಿತು. ತಂತಿ ಹಲ್ಲಿನ ಬದಲು ಗರಗಸದ ಬಿಲ್ಲೆಗಳನ್ನೇ ಹಾಕಿ ಹಾಜನ್ ಹೋಮ್ಸ್ ಎಂಬಾತ 1796ರಲ್ಲಿ ಸುಧಾರಿಸಿದ. ನಮ್ಮ ಕಡೆ ಗರಗಸದ ಜಿನ್ನು ಅಂತ ಬಂದದ್ದು ಈ ಮಾದರಿ. 'ಜಿನ್' ಎನ್ನುವುದು ಎಂಜಿನ್ ಎಂಬ ಮಾತಿನ ತುಂಡು. ಗದಗ, ಹಾವೇರಿ ಕಡೆ ಜನ ಜಿನ್ನು ಅಂತಲೇ ಕರೀತಾರೆ.

ಇಲ್ಲಿ ಒಂದು ಮಾತು ಸ್ಪಷ್ಟ ಮಾಡಬೇಕು. ಹತ್ತಿಯಿಂದ ಕಾಳು ತೆಗೆಯುವ ಸಾಧನ ಜಗತ್ತಿನಲ್ಲೇ ಮೊದಲು ಮಾಡಿದವನು ವಿಟ್ನಿ ಎಂಬ ಅರ್ಥ ಬರುವ ಹಾಗೆ ಪಾಠ ಹೇಳ್ತಾರೆ. ಅದು ಸುಳ್ಳು. ಎರಡು ಉರುಳೆಗಳ ನಡುವೆ ಹತ್ತಿ ಕೊಟ್ಟು ಕಾಳು ಹಿಂದೆ ಉಳಿಸುವ ಕೈಯಂತ್ರ ಹಿಂದೂಸ್ತಾನದಲ್ಲಿ ಶತಮಾನಗಳಿಂದ ಇತ್ತು. ಅದಕ್ಕೂ ಹಳೆಯದಾದ, ಒಂದೇ ಉರುಳೆಯ ಸಾಧನದ ಚಿತ್ರವನ್ನು ಅಜಂತಾ ಗುಹೆಯ ಗೋಡೆಯ ಮೇಲೆ ವಿದ್ವಾಂಸರು ಗುರುತಿಸಿದ್ದಾರೆ. ಧಾರವಾಡದ ಕಡೆ ಹೆಂಗಸರು ಚಪ್ಪಟೆ ಕಲ್ಲಿನ ಮೇಲೆ ಹತ್ತಿ ಹರಡಿ, ಕಬ್ಬಿಣದ ಸಲಾಕೆಯನ್ನು ಪಾದದಿಂದ ಉರುಳಿಸಿ ಕಾಳು ಹೊರಡಿಸ್ತಿದ್ದರು. ಅದನ್ನು ಕಂಡುಹಿಡಿದವಳ ಹೆಸರು ಯಾವ ಪಟ್ಟಿಯಲ್ಲೂ ಇಲ್ಲ. ಪೇಟೆಂಟ್ ಕಚೇರಿ ಇಲ್ಲದ ಕಡೆ ಬುದ್ಧಿಗೆ ಹೆಸರಿಲ್ಲ. ಹೆಸರಿಲ್ಲದ ಬುದ್ಧಿಗೆ ಬುದ್ಧಿ ಅನ್ನುವ ಮರ್ಯಾದೆಯೂ ಇಲ್ಲ.

2

ಜಿನ್ನು ಬಂದ ಮೇಲೆ ಏನಾಯಿತು? ಕೆಲಸ ಹಗುರಾದರೆ ಕೆಲಸಗಾರನ ಭಾರ ಇಳಿಯಬೇಕು ಅಂತ ನಾವು ಅಂದ್ಕೋತೀವಿ. ಅಮೆರಿಕದ ಜನಗಣತಿಯ ಲೆಕ್ಕ ಬೇರೆ ಹೇಳ್ತದೆ. 1790ರಲ್ಲಿ ಅಲ್ಲಿ ಗುಲಾಮರ ಸಂಖ್ಯೆ ಸುಮಾರು 7 ಲಕ್ಷ. 1860ರ ಹೊತ್ತಿಗೆ ಸುಮಾರು 39.5 ಲಕ್ಷ. ಹೊಗೆಸೊಪ್ಪಿನ ಬೆಲೆ ಬಿದ್ದು ಗುಲಾಮಗಿರಿ ತಾನಾಗಿಯೇ ಸಾಯ್ತದೆ ಅಂತ ಕೆಲವರು ಅಂದುಕೊಂಡಿದ್ದ ಕಾಲ ಅದು. ಹತ್ತಿ ಬಂದು ಅದಕ್ಕೆ ಹೊಸ ಉಸಿರು ಕೊಟ್ಟಿತು. ಕಾಳು ತೆಗೆಯುವ ಕಷ್ಟ ತಪ್ಪಿದ್ದರಿಂದ ಒಡೆಯರು ಎಕರೆ ಮೇಲೆ ಎಕರೆ ಹತ್ತಿ ಹಾಕಿದರು. ಅಷ್ಟು ಹತ್ತಿ ಬಿತ್ತುವುದಕ್ಕೆ, ಕಳೆ ತೆಗೆಯುವುದಕ್ಕೆ, ಕೀಳುವುದಕ್ಕೆ ಕೈ ಬೇಕಲ್ಲ? ಹೊರಗಿನಿಂದ ಗುಲಾಮರನ್ನು ತರಿಸುವುದು 1808ರಿಂದ ಕಾಯಿದೆ ಪ್ರಕಾರ ನಿಂತಿತ್ತು. ಹಾಗಾಗಿ ದೇಶದ ಒಳಗೇ ಮಾರಾಟ ಬೆಳೆಯಿತು. ಅಂತರ್ಯುದ್ಧಕ್ಕೆ ಮೊದಲಿನ ಐದಾರು ದಶಕಗಳಲ್ಲಿ ಸುಮಾರು 10 ಲಕ್ಷ ಕರಿಯರನ್ನು ಹಳೆಯ ಸೀಮೆಗಳಿಂದ ಹತ್ತಿ ಸೀಮೆಗೆ ಸಾಗಿಸಿದರು. ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ, ಕೂಸು ಇನ್ನೊಂದು ಕಡೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ಹತ್ತಿ ಬೇಸಾಯದಲ್ಲಿ ಮೈಗೆ ಅತಿ ನೋವು ಕೊಡುವ ಕೆಲಸ ಯಾವುದು? ಬಿಸಿಲಲ್ಲಿ ಬಗ್ಗಿ ಒಂದೊಂದೇ ತೊಳೆ ಕೀಳುವುದು. ಕಾಯಿಯ ಒಣಗಿದ ಚೂಪು ಬೆರಳು ಸೀಳ್ತದೆ. ಈ ಕೆಲಸಕ್ಕೆ ಯಂತ್ರ ಯಾವಾಗ ಬಂತು? ಅಮೆರಿಕದಲ್ಲಿ ಹತ್ತಿ ಕೀಳುವ ಯಂತ್ರ ಕಾರ್ಖಾನೆಯಿಂದ ಹೊಲಕ್ಕಿಳಿದದ್ದು 1940ರ ದಶಕದಲ್ಲಿ. ಜಿನ್ನಿಗೂ ಅದಕ್ಕೂ ನಡುವೆ ಒಂದೂವರೆ ಶತಮಾನ. ಕೀಳುವ ಯಂತ್ರ ಮಾಡುವುದು ಕಷ್ಟ ಅನ್ನುವುದು ನಿಜ. ಆದರೆ ಅಷ್ಟೇ ಕಾರಣ ಅಲ್ಲ. ಮೊದಲು ಗುಲಾಮರ ಕೈ, ಗುಲಾಮಗಿರಿ ಹೋದ ಮೇಲೆ ಸಾಲದಲ್ಲಿ ಮುಳುಗಿದ ಕರಿಯ ಗೇಣಿದಾರರ ಕೈ ಅಗ್ಗವಾಗಿ ಸಿಗುವವರೆಗೆ ಒಡೆಯನಿಗೆ ಆ ಯಂತ್ರದ ಅವಸರ ಇರಲಿಲ್ಲ. ಕರಿಯರು ಉತ್ತರದ ಪಟ್ಟಣಗಳಿಗೆ ಗುಳೆ ಹೊರಟು ಕೈ ಕಡಿಮೆಯಾದ ಕಾಲಕ್ಕೇ ಯಂತ್ರವೂ ಬಂತು.

ಒಡೆಯನ ಲಾಭ ಎಲ್ಲಿ ಸಿಕ್ಕಿಹಾಕಿಕೊಂಡಿದೆಯೋ ಅಲ್ಲಿಗೆ ಯಂತ್ರ ಬೇಗ ಬರ್ತದೆ. ದುಡಿಯುವವನ ಮೈ ಎಲ್ಲಿ ನೋಯ್ತದೆಯೋ ಅಲ್ಲಿಗೆ ಬರಲಿಕ್ಕೆ ಹೊತ್ತಾಗ್ತದೆ. ವಿಟ್ನಿಯ ಕತೆಯಿಂದ ನಾವು ತೆಗೆದುಕೊಳ್ಳಬೇಕಾದ ಪಾಠ ಇದು.

ವಿಟ್ನಿಗೂ ಜಿನ್ನಿನಿಂದ ದೊಡ್ಡ ಲಾಭ ಆಗಲಿಲ್ಲ. ಅವನೂ ಪಾಲುದಾರ ಮಿಲ್ಲರನೂ ರೈತರ ಹತ್ತಿಯ ಕಾಳು ತೆಗೆದುಕೊಟ್ಟು ಐದರಲ್ಲಿ ಎರಡು ಪಾಲು ಕೇಳಿದರು. ರೈತರು ಕೊಡಲಿಲ್ಲ, ಊರ ಕಮ್ಮಾರನ ಕೈಲಿ ತಾವೇ ಜಿನ್ನು ಮಾಡಿಸಿಕೊಂಡರು. ಕೋರ್ಟು ಕಚೇರಿ ಅಲೆದು ಅವನ ಹಕ್ಕು ಗಟ್ಟಿಯಾದದ್ದು 1807ರಲ್ಲಿ. ಅದೇ ಹೊತ್ತಿಗೆ ಪೇಟೆಂಟಿನ ಅವಧಿಯೂ ತೀರಿತ್ತು. ಅವನ ಈ ಕಷ್ಟವನ್ನು ಪುಸ್ತಕಗಳು ಮರುಕದಿಂದ ಬರೀತಾವೆ. ಅದೇ ಪೇಟೆಂಟ್ ಕಚೇರಿಯ ಬಾಗಿಲಲ್ಲಿ ನಡೆದ ಇನ್ನೊಂದು ಸಂಗತಿ ಮಾತ್ರ ನಮ್ಮ ಪಾಠಕ್ಕೆ ಬರುವುದಿಲ್ಲ. ಮಿಸಿಸಿಪಿ ಸೀಮೆಯಲ್ಲಿ ನೆಡ್ ಎಂಬ ಗುಲಾಮ ಹತ್ತಿ ಸಾಲು ಹರಗುವ ಒಂದು ಹೊಸ ಸಾಧನ ಮಾಡಿದ. ಅವನ ಒಡೆಯ ಸ್ಟುವರ್ಟ್ 1857ರಲ್ಲಿ ಅದರ ಪೇಟೆಂಟು ತನಗೆ ಕೊಡಿ ಅಂತ ಅರ್ಜಿ ಹಾಕಿದ. ಗುಲಾಮ ಮಾಡಿದ್ದಕ್ಕೆ ಪೇಟೆಂಟ್ ಕೊಡಲಾಗದು ಎಂದು 1858ರಲ್ಲಿ ಅಮೆರಿಕ ಸರ್ಕಾರದ ಅಟಾರ್ನಿ ಜನರಲ್ ತೀರ್ಪು ಕೊಟ್ಟ. ಮಾಡಿದ್ದು ತಾನು ಅಂತ ಒಡೆಯ ಪ್ರಮಾಣ ಮಾಡುವಂತಿಲ್ಲ. ಗುಲಾಮ ಕಾಯಿದೆಯ ಕಣ್ಣಲ್ಲಿ ಪ್ರಜೆಯೇ ಅಲ್ಲ, ಅವನ ಪ್ರಮಾಣಕ್ಕೆ ಬೆಲೆ ಇಲ್ಲ. ಯಂತ್ರ ಇತ್ತು, ಮಾಡಿದವನೂ ಇದ್ದ. ಕಾಯಿದೆಯಲ್ಲಿ ಮಾತ್ರ ಅವನು ಇರಲಿಲ್ಲ.

3

ಇನ್ನು ನಮ್ಮ ನಾಡಿಗೆ ಬರೋಣ. ಇಂಗ್ಲೆಂಡಿನ ಗಿರಣಿಗಳು ಅಮೆರಿಕದ ಹತ್ತಿಯನ್ನೇ ನೆಚ್ಚಿಕೊಂಡು ಕೂತಿದ್ದವು. ಅಲ್ಲಿ ಏನಾದರೂ ಆದರೆ ಮ್ಯಾಂಚೆಸ್ಟರಿನ ಚಕ್ರ ನಿಲ್ತದೆ ಎಂಬ ಹೆದರಿಕೆ ಇತ್ತು. ಈಸ್ಟ್ ಇಂಡಿಯಾ ಕಂಪನಿ ಬೇಲ್ಸ್ ಎಂಬ ಕ್ಯಾಪ್ಟನ್ನನನ್ನು ಅಮೆರಿಕಕ್ಕೆ ಕಳಿಸಿ, ದಕ್ಷಿಣದ ಹತ್ತಿ ತೋಟಗಳಲ್ಲಿ ಪಳಗಿದ ಹತ್ತು ಜನರನ್ನು 1840ರಲ್ಲಿ ಹಿಂದೂಸ್ತಾನಕ್ಕೆ ಕರೆಸಿಕೊಂಡಿತು. ಅವರ ಜೊತೆ ಅಮೆರಿಕದ ಹತ್ತಿಬೀಜವೂ ಬಂತು, ಗರಗಸದ ಜಿನ್ನೂ ಬಂತು. ಗುಲಾಮರನ್ನು ದುಡಿಸಿ ಕಲಿತ ಬೇಸಾಯವನ್ನು ನಮ್ಮ ರೈತರಿಗೆ ಕಲಿಸಲಿಕ್ಕೆ ಬಂದ ಮೇಷ್ಟ್ರುಗಳು ಇವರು.

ಹೆಚ್ಚಿನ ಕಡೆ ಈ ಪ್ರಯೋಗ ಮಣ್ಣು ಮುಕ್ಕಿತು. ಕಚ್ಚಿದ್ದು ಧಾರವಾಡ ಜಿಲ್ಲೆಯಲ್ಲಿ. 1840ರ ದಶಕದ ಮೊದಲ ವರ್ಷಗಳಲ್ಲಿ ಮರ್ಸರ್ ಎಂಬ ಅಮೆರಿಕನ್ ಹುಬ್ಬಳ್ಳಿ ಹತ್ತಿರದ ಕುಸುಗಲ್ಲಿನಲ್ಲಿ ಪ್ರಯೋಗ ನಡೆಸಿದ. ಕಲೆಕ್ಟರ್ ಶಾ ಅದಕ್ಕೆ ಬೆನ್ನಾಗಿ ನಿಂತ. ನ್ಯೂ ಆರ್ಲಿಯನ್ಸಿನಿಂದ ಬಂದ ಬೀಜ ಎರೆಮಣ್ಣಿಗೆ ಹೊಂದಿಕೊಂಡಿತು. ಜನ ಅದನ್ನು ವಿಲಾಯತಿ ಹತ್ತಿ ಅಂದರು. ತಮ್ಮದನ್ನು ಜವಾರಿ ಹತ್ತಿ ಅಂದರು. ವ್ಯಾಪಾರಿಗಳ ಬಾಯಲ್ಲಿ ಜವಾರಿ ಹತ್ತಿಗೆ ಕುಮಟಾ ಹತ್ತಿ ಅಂತ ಹೆಸರು, ಏಕೆಂದರೆ ಅದು ಘಟ್ಟ ಇಳಿದು ಕುಮಟಾ ಬಂದರಿನಿಂದ ಹಡಗು ಹತ್ತುತ್ತಿತ್ತು.

ವಿಲಾಯತಿ ಹತ್ತಿಯ ಜೊತೆ ಒಂದು ಕಟ್ಟು ಬಂತು. ಅದರ ಕಾಳು ಅರಳೆಗೆ ಬಿಗಿಯಾಗಿ ಅಂಟಿಕೊಂಡಿರ್ತದೆ. ಹೆಂಗಸರ ಪಾದದ ಸಲಾಕೆಗೆ ಅದು ಜಗ್ಗಲಿಲ್ಲ. ಅಂದರೆ ಬೀಜ ತಗೊಂಡರೆ ಜಿನ್ನೂ ತಗೋಬೇಕು. ಸರ್ಕಾರ ಧಾರವಾಡದಲ್ಲಿ ಜಿನ್ನು ಮಾಡುವ, ರಿಪೇರಿ ಮಾಡುವ ಕಾರ್ಖಾನೆಯನ್ನೇ ತೆರೆಯಿತು. ಫೋರ್ಬ್ಸ್ ಎಂಬ ಅಧಿಕಾರಿ ಅದರ ಮೇಲ್ವಿಚಾರಕ. ಇಲ್ಲಿಯ ಬಡಗಿ, ಕಮ್ಮಾರರು ಆ ಗರಗಸದ ಜಿನ್ನನ್ನು ಬಿಚ್ಚಿ ಜೋಡಿಸಲು ಕಲಿತರು. ಲಿವರ್‌ಪೂಲಿನ ಪೇಟೆಯಲ್ಲಿ ಇದರಿಂದಲೇ ಒಂದು ಹೊಸ ಹೆಸರು ಹುಟ್ಟಿತು: ಗರಗಸದ ಜಿನ್ನಿನ ಧಾರವಾಡ ಹತ್ತಿ. ಊರಿನ ಹೆಸರು ಬಂತು, ಯಂತ್ರದ ಹೆಸರೂ ಬಂತು. ಕಿತ್ತವರ ಹೆಸರು ಬರಲಿಲ್ಲ.

ಒಂದು ಕಾಲದಲ್ಲಿ ಈ ಸೀಮೆಯ ಹತ್ತಿ ಹೋಗುತ್ತಿದ್ದ ದಾರಿ ಬೇರೆ. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಬುಕಾನನ್, ಆಗಿನ ಮರಾಠರ ಸೀಮೆಯಿಂದ ಬೆಂಗಳೂರ ಪೇಟೆಗೆ ಹತ್ತಿ ಬರುತ್ತಿದ್ದದ್ದನ್ನು ಬರೆದಿದ್ದಾನೆ. ಊರೂರಿನ ಬಡ ಹೆಂಗಸರು ಸಂತೆಯಲ್ಲಿ ಹತ್ತಿ ಕೊಂಡು, ನೂತು, ನೂಲು ಮಾರುತ್ತಿದ್ದರು. ನೇಯುವವರಲ್ಲಿ ಹೊಲೆಯರೂ ಇದ್ದರು. ಬಡವರು ಉಡುವ ದಪ್ಪ ಬಟ್ಟೆ ಅವರ ಮಗ್ಗದಿಂದ ಬರುತ್ತಿತ್ತು. ಬೆಂಗಳೂರಿನ ನೇಕಾರರು ಅಂದ ಕೂಡಲೇ ರೇಷ್ಮೆ, ಜರಿ, ಪೇಟೆ ಬೀದಿ ಅಂತ ಬರೆಯುವವರು ಈ ಹೊಲಗೇರಿಯ ಮಗ್ಗಗಳನ್ನು ಮರೀತಾರೆ. ಗಿರಣಿ ನೂಲು ಬಂದು ಮೊದಲು ನೂಲುವ ಹೆಂಗಸರ ಕಾಸು ಹೋಯಿತು. ಗಿರಣಿ ಬಟ್ಟೆ ಬಂದು ಆಮೇಲೆ ದಪ್ಪ ಬಟ್ಟೆಯ ಮಗ್ಗಕ್ಕೆ ಪೆಟ್ಟು ಬಿತ್ತು. ಮಗ್ಗ ಕಳಕೊಂಡ ಹೊಲೆಯನಿಗೆ ಉಳಿದದ್ದೇನು? ಗೌಡನ ಹೊಲದ ಜೀತ, ಊರ ಚಾಕರಿ. ನೂಲು ಹಿಡಿದಿದ್ದ ಕೈಯನ್ನು ಮತ್ತೆ ಪೂರ್ತಿ ಸೆಗಣಿಗೆ ಅದ್ದಿದ್ದು ಈ ನಾಡಿನ ಜಾತಿ ಮತ್ತು ಲಂಕಾಷೈರಿನ ಗಿರಣಿ, ಎರಡೂ ಕೂಡಿ.

4

1861ರಲ್ಲಿ ಅಮೆರಿಕದಲ್ಲಿ ಗುಲಾಮಗಿರಿಯ ಪ್ರಶ್ನೆಯ ಮೇಲೆ ಅಂತರ್ಯುದ್ಧ ಶುರುವಾಯಿತು. ಉತ್ತರದ ನೌಕಾಪಡೆ ದಕ್ಷಿಣದ ಬಂದರುಗಳನ್ನು ಕಟ್ಟಿಹಾಕಿತು. ಲಂಕಾಷೈರಿಗೆ ಹತ್ತಿ ಇಲ್ಲ. ಎಲ್ಲರ ಕಣ್ಣೂ ಹಿಂದೂಸ್ತಾನದ ಕಡೆಗೆ ತಿರುಗಿತು. ಧಾರವಾಡದ ಹತ್ತಿಗೆ ಕಂಡರಿಯದ ಬೆಲೆ ಬಂತು. ಹತ್ತಿ ಸಾಗಿಸಲು ಅನುಕೂಲವಾಗಲಿ ಅಂತ ಮ್ಯಾಂಚೆಸ್ಟರಿನವರು ಒತ್ತಾಯ ಮಾಡಿದರು. ಕಾರವಾರ, ಕುಮಟಾ ಇರುವ ಉತ್ತರ ಕನ್ನಡವನ್ನು 1862ರಲ್ಲಿ ಮದರಾಸಿನಿಂದ ತೆಗೆದು ಬೊಂಬಾಯಿ ಪ್ರಾಂತಕ್ಕೆ ಸೇರಿಸಿದರು. ಕರ್ನಾಟಕದ ಗಡಿಗೆರೆಗಳನ್ನು ಯಾರು ಯಾಕೆ ಎಳೆದರು ಎಂದು ಚರ್ಚೆ ಮಾಡುವವರು ಈ ಹತ್ತಿಯ ಮೂಟೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಬೆಲೆ ಏರಿದ ಹಾಗೆ ವಿಲಾಯತಿ, ಜವಾರಿ ಬೆರಕೆ ಮಾಡುವುದೂ ಏರಿತು. 1863ರಲ್ಲಿ ಬೊಂಬಾಯಿ ಸರ್ಕಾರ ಹತ್ತಿ ಮೋಸದ ವಿರುದ್ಧ ಕಾಯಿದೆಯನ್ನೇ ತಂದಿತು.

1865ರಲ್ಲಿ ಯುದ್ಧ ಮುಗಿಯಿತು, ಅಮೆರಿಕದ ಗುಲಾಮಗಿರಿ ಕಾಯಿದೆಯಿಂದ ಹೋಯಿತು, ಇಲ್ಲಿ ಹತ್ತಿಯ ಬೆಲೆ ಕುಸಿಯಿತು. ಅಲ್ಲಿಯ ಗುಲಾಮನ ಬಿಡುಗಡೆಯ ವರ್ಷವೇ ಇಲ್ಲಿಯ ರೈತನಿಗೆ ಕಷ್ಟದ ವರ್ಷ. ಇದರಲ್ಲಿ ಕರಿಯರ ತಪ್ಪೂ ಇಲ್ಲ, ರೈತನ ತಪ್ಪೂ ಇಲ್ಲ. ಇಬ್ಬರ ಕೊರಳಿಗೂ ಕಟ್ಟಿದ ಹಗ್ಗದ ತುದಿ ಲಿವರ್‌ಪೂಲಿನಲ್ಲಿತ್ತು. 1876ರಿಂದ 78ರ ಬರ ಬಂದಾಗ ಇದೇ ಎರೆಸೀಮೆಯಲ್ಲಿ ಜನ ಗುಂಪು ಗುಂಪಾಗಿ ಸತ್ತರು. ಹತ್ತಿ ಹಸಿವಿಗೆ ಅನ್ನ ಆಗುವುದಿಲ್ಲ.

ಅಮೆರಿಕದ ಕರಿಯರ ನೋವು ನಮ್ಮದೇ ನೋವು ಎಂದು ಈ ನೆಲದಲ್ಲಿ ಬೇಗ ಗುರುತಿಸಿದವರಲ್ಲಿ ಜೋತಿಬಾ ಫುಲೆ ಒಬ್ಬರು. 1873ರಲ್ಲಿ ಬರೆದ 'ಗುಲಾಮಗಿರಿ' ಪುಸ್ತಕವನ್ನು ಅವರು, ಕರಿಯರ ಗುಲಾಮಗಿರಿ ಕಳೆಯಲು ಹೋರಾಡಿದ ಅಮೆರಿಕದ ಜನರಿಗೆ ಅರ್ಪಿಸಿದರು. ಆಗ ಕೆನರಾ, ಕೊಡಗಿನ ಕಡೆ ಹೊಲೆಯರನ್ನು ಭೂಮಿಯ ಜೊತೆ ಕೊಟ್ಟು ತಗೊಳ್ಳುತ್ತಿದ್ದ ನೆನಪು ಇನ್ನೂ ಹಸಿಯಾಗಿತ್ತು. ಕಂಪನಿ ಸರ್ಕಾರ 1843ರ ಕಾಯಿದೆಯಲ್ಲಿ ಗುಲಾಮಗಿರಿಗೆ ಕೋರ್ಟಿನ ಮಾನ್ಯತೆ ತೆಗೆದಿತ್ತು. ಧಣಿಯ ಅಂಗಳಕ್ಕೆ ಆ ಕಾಯಿದೆ ಬೇಗ ಹೋಗಿ ಮುಟ್ಟಲಿಲ್ಲ.

ಮುಂದೆ ಉಗಿಯ ಜಿನ್ನಿಂಗ್ ಫ್ಯಾಕ್ಟರಿಗಳು ಬಂದವು, 1880ರ ದಶಕದಲ್ಲಿ ರೈಲು ಬಂತು, ಗೋಕಾಕ, ಹುಬ್ಬಳ್ಳಿಗಳಲ್ಲಿ ನೂಲಿನ ಗಿರಣಿ ಎದ್ದವು. ಅಂಗಳದಲ್ಲಿ ಕೂತು ಪಾದದಿಂದ ಸಲಾಕೆ ಉರುಳಿಸುತ್ತಿದ್ದ ಕೆಲಸ ಫ್ಯಾಕ್ಟರಿ ಒಳಗೆ ಹೋಯಿತು. ಆ ಹಳೆಯ ಕೆಲಸ ಸುಖದ್ದು ಅಂತ ನಾನು ಹೇಳುವುದಿಲ್ಲ. ಇಡೀ ದಿನ ಕೂತು ಕಾಲುರುಳಿಸಿದವಳಿಗೆ ಅದರ ನೋವು ಗೊತ್ತು. ಆದರೆ ಫ್ಯಾಕ್ಟರಿ ಏನು ಕೊಟ್ಟಿತು? ಹಿಂದೂಸ್ತಾನದ ಮೊದಲ ಫ್ಯಾಕ್ಟರಿ ಕಾಯಿದೆ 1881ರಲ್ಲಿ ಬಂತು. ಅದು ನೂರಕ್ಕೆ ಕಡಿಮೆ ಜನ ಇರುವ ಕಾರ್ಖಾನೆಗೆ ಅನ್ವಯಿಸಲಿಲ್ಲ, ವರ್ಷಕ್ಕೆ ನಾಲ್ಕು ತಿಂಗಳಿಗಿಂತ ಕಡಿಮೆ ನಡೆಯುವುದಕ್ಕೂ ಅನ್ವಯಿಸಲಿಲ್ಲ. ಸುಗ್ಗಿಯಲ್ಲಿ ಮಾತ್ರ ನಡೆಯುವ ಜಿನ್ನುಗಳು ಈ ತೂತಿನಲ್ಲಿ ಪಾರಾದವು. ಬೊಂಬಾಯಿ ಪ್ರಾಂತದ ಖಾನದೇಶದ ಜಿನ್ನುಗಳಲ್ಲಿ ಹೆಂಗಸರು ನಸುಕಿನಿಂದ ರಾತ್ರಿ ಹತ್ತರವರೆಗೆ, ಕೆಲವೊಮ್ಮೆ ಹಗಲೂ ರಾತ್ರಿ ನಿಂತು ದುಡಿಯುತ್ತಿದ್ದ ಸಂಗತಿ ಆಗಿನ ಫ್ಯಾಕ್ಟರಿ ಕಮಿಷನ್ನಿನ ಮುಂದೆ ಸಾಕ್ಷಿಯಾಗಿ ಬಂತು. ಹತ್ತಿಯ ಧೂಳು ಎದೆಗೆ ಇಳಿದವರ ಲೆಕ್ಕ ಇಟ್ಟವರಿಲ್ಲ.

5

ವಿಟ್ನಿಯ ಎರಡನೆಯ ಕೆಲಸ ಬಂದೂಕಿನದು. ಇವತ್ತಿನ ಎಲ್ಲ ಕಾರ್ಖಾನೆಗಳ ಮೇಲೂ ಅದರ ನೆರಳಿದೆ. 1798ರಲ್ಲಿ ಫ್ರಾನ್ಸಿನ ಜೊತೆ ಯುದ್ಧವಾಗಬಹುದೆಂಬ ಹೆದರಿಕೆಯಲ್ಲಿ ಅಮೆರಿಕ ಸರ್ಕಾರ ಬಂದೂಕಿಗೆ ಆರ್ಡರ್ ಕೊಟ್ಟಿತು. ಬಂದೂಕು ಮಾಡಿ ಗೊತ್ತಿಲ್ಲದ, ಕಾರ್ಖಾನೆಯೂ ಇಲ್ಲದ ವಿಟ್ನಿ, ಎರಡು ವರ್ಷದಲ್ಲಿ 10,000 ಬಂದೂಕು ಕೊಡುತ್ತೇನೆ ಅಂತ ಕಂಟ್ರ್ಯಾಕ್ಟ್ ಹಿಡಿದ. ಕೊಟ್ಟು ಮುಗಿಸಿದ್ದು 1809ರಲ್ಲಿ.

ಅವನು ಹೇಳಿದ ತತ್ವ ಸರಳ. ಹಳೆಯ ಕಾಲದ ಬಂದೂಕನ್ನು ಒಬ್ಬ ಕಸುಬುದಾರ ಮೊದಲಿಂದ ಕೊನೆತನಕ ಅರ ಹಾಕಿ ಕೂಡಿಸ್ತಿದ್ದ. ಒಂದರ ಕುದುರೆ ಇನ್ನೊಂದಕ್ಕೆ ಕೂರುತ್ತಿರಲಿಲ್ಲ. ಅದರ ಬದಲು ಪ್ರತಿ ಬಿಡಿಭಾಗವನ್ನೂ ಅಚ್ಚು, ಗೇಜು ಹಿಡಿದು ಒಂದೇ ಅಳತೆಗೆ ಯಂತ್ರದಲ್ಲಿ ಮಾಡಿದರೆ ಯಾವ ಭಾಗ ಯಾವ ಬಂದೂಕಿಗಾದರೂ ಕೂರ್ತದೆ. ವರ್ಷಗಟ್ಟಲೆ ಪಳಗಿದ ಕಸುಬುದಾರನ ಕೈ ಬೇಕಾಗಿಲ್ಲ, ಯಂತ್ರವೇ ಆ ಕೈಚಳಕದ ಜಾಗ ತುಂಬ್ತದೆ. 1801ರಲ್ಲಿ ವಾಷಿಂಗ್ಟನ್ನಿನಲ್ಲಿ ದೊಡ್ಡವರ ಮುಂದೆ ಹೀಗೆ ಜೋಡಿಸಿ ತೋರಿಸಿದ ಎಂಬ ಕತೆ ಬಹಳ ಪ್ರಸಿದ್ಧ. ಆದರೆ ಅವನಿಗಿಂತ ಮೊದಲೇ ಫ್ರಾನ್ಸಿನ ಬ್ಲಾಂಕ್ ಈ ಕೆಲಸ ಮಾಡಿದ್ದ, 1785ರಲ್ಲಿ ಜೆಫರ್ಸನ್ ಅದನ್ನು ಕಣ್ಣಾರೆ ನೋಡಿದ್ದ. ವಿಟ್ನಿಯ ಉಳಿದಿರುವ ಬಂದೂಕುಗಳನ್ನು ಬಿಚ್ಚಿ ನೋಡಿದರೆ ಭಾಗಗಳು ಒಂದಕ್ಕೊಂದು ಸರಿಯಾಗಿ ಕೂರುವುದಿಲ್ಲ ಎಂದು ವುಡ್‌ಬರಿ ಎಂಬ ಚರಿತ್ರೆಕಾರ 1960ರಲ್ಲಿ ತೋರಿಸಿದ. ಅದನ್ನು ನಿಜ ಮಾಡಿದ್ದು ಆಮೇಲಿನ ಸರ್ಕಾರಿ ಶಸ್ತ್ರಾಗಾರಗಳಲ್ಲಿ ಜಾನ್ ಹಾಲ್ ಮತ್ತು ಹೆಸರಿಲ್ಲದ ನೂರಾರು ಕೆಲಸಗಾರರು. ಬಂದೂಕಿನಿಂದ ಈ ಪದ್ಧತಿ ಹೊಲಿಗೆ ಯಂತ್ರಕ್ಕೆ, ಸೈಕಲ್ಲಿಗೆ, ಮೋಟಾರಿಗೆ ಹಬ್ಬಿತು.

ನಮ್ಮ ಕಡೆ ಇದೇ ಕಾಲಕ್ಕೆ ಏನಾಗುತ್ತಿತ್ತು? 1857ರಲ್ಲಿ ಸರ್ಕಾರ ಆಯುಧ ಒಪ್ಪಿಸಿ ಅಂತ ಕಾಯಿದೆ ಮಾಡಿತು. ಮುಧೋಳದ ಹತ್ತಿರ ಹಲಗಲಿಯ ಬೇಡರು ಕೊಡಲ್ಲ ಅಂದರು. ಊರಿಗೆ ಬೆಂಕಿ ಬಿತ್ತು, ಹಿಡಿದವರನ್ನು ಗಲ್ಲಿಗೆ ಹಾಕಿದರು. ಆ ಸೀಮೆಯ ದುಡಿಯುವ ಜನಕ್ಕೆ ಬಿಳಿಯರ ಸರ್ಕಾರ ಒಂದು ಕೈಯಲ್ಲಿ ಜಿನ್ನು ಕೊಟ್ಟು ಇನ್ನೊಂದು ಕೈಯಲ್ಲಿ ಬಂದೂಕು ಕಿತ್ತುಕೊಂಡಿತು.

6

ಬಿಡಿಭಾಗ ಅದಲುಬದಲಾಗಬಹುದು. ಮನುಷ್ಯ? ಇಲ್ಲೇ ನಮ್ಮ ದೇಶದ ವಿಶೇಷ ಇರುವುದು. ಬೊಂಬಾಯಿಯ ಬಟ್ಟೆ ಗಿರಣಿಗಳಲ್ಲಿ ಯಂತ್ರ ಎಲ್ಲರಿಗೂ ಒಂದೇ. ಆದರೆ ನೇಯುವ ಖಾತೆಯಲ್ಲಿ ಅಸ್ಪೃಶ್ಯರಿಗೆ ಜಾಗ ಇರಲಿಲ್ಲ. ಲಾಳಿಯ ನೂಲು ತೀರಿದಾಗ ಹೊಸ ನೂಲನ್ನು ಲಾಳಿಯ ಕಣ್ಣಿನಿಂದ ಬಾಯಲ್ಲಿ ಹೀರಿ ಎಳೆಯಬೇಕಿತ್ತು. ಅಸ್ಪೃಶ್ಯನ ಎಂಜಲಾದ ಲಾಳಿಗೆ ಸವರ್ಣ ಕೆಲಸಗಾರ ಬಾಯಿ ಹಚ್ಚುವುದಿಲ್ಲ. ಹಾಗಾಗಿ ಹೆಚ್ಚು ಸಂಬಳದ ಆ ಖಾತೆ ಅವರಿಗೆ ಮುಚ್ಚಿತ್ತು. 1928ರ ದೊಡ್ಡ ಮುಷ್ಕರದ ಕಾಲದಲ್ಲಿ ಅಂಬೇಡ್ಕರ್ ಈ ಪ್ರಶ್ನೆಯನ್ನು ಕಾರ್ಮಿಕ ಮುಖಂಡರ ಮುಂದೆಯೇ ಇಟ್ಟರು. ಕಬ್ಬಿಣಕ್ಕೆ ಗೊತ್ತಿಲ್ಲದ ಮೈಲಿಗೆ ಕೆಂಬಾವುಟ ಹಿಡಿದವನ ನಾಲಿಗೆಗೆ ಗೊತ್ತಿತ್ತು.

ಹಾಗಂತ ಅಂಬೇಡ್ಕರ್ ಯಂತ್ರ ಬೇಡ ಅನ್ನಲಿಲ್ಲ. ಯಂತ್ರ ಬಿಟ್ಟು ರಾಟೆಗೆ ಮರಳೋಣ ಎನ್ನುವವರನ್ನು ಅವರು ಕಟುವಾಗಿ ಟೀಕಿಸಿದರು. ದುಡಿಯುವವನಿಗೂ ಬಿಡುವು ಬೇಕು, ಓದಲು ಯೋಚಿಸಲು ಹೊತ್ತು ಬೇಕು, ಅದನ್ನು ಕೊಡಬಲ್ಲದ್ದು ಯಂತ್ರವೇ, ಕೆಟ್ಟಿರುವುದು ಅದರ ಒಡೆತನ ಮತ್ತು ಸಮಾಜದ ಕಟ್ಟು ಎಂಬುದು ಅವರ ನಿಲುವು. ನಮ್ಮ ನಿಲುವೂ ಅದೇ ಆಗಬೇಕು.

ಬೆಂಗಳೂರನ್ನೇ ನೋಡಿ. ಸಿದ್ದಾಪುರದಿಂದ ವಿಲ್ಸನ್ ಗಾರ್ಡನ್ ದಾಟಿದರೆ ಆಡುಗೋಡಿ. 1951ರಲ್ಲಿ ಶುರುವಾದ ಮೈಕೋ ಕಂಪನಿಯ ಕಾರ್ಖಾನೆ ಅಲ್ಲಿತ್ತು. ಡೀಸೆಲ್ ಎಂಜಿನ್ನಿಗೆ ಎಣ್ಣೆ ಚಿಮ್ಮುವ ಪಂಪು, ನಾಝಲ್ಲುಗಳನ್ನು ಕೂದಲೆಳೆಗಿಂತ ಎಷ್ಟೋ ಸಣ್ಣ ಅಳತೆಯ ವ್ಯತ್ಯಾಸವೂ ಬಾರದ ಹಾಗೆ ಮಾಡುತ್ತಿದ್ದರು. 2008ರಲ್ಲಿ ಕಂಪನಿಯ ಹೆಸರು ಬಾಷ್ ಅಂತಾಯಿತು, ಆಮೇಲೆ ತಯಾರಿಕೆ ಬಿಡದಿಗೆ ಹೋಯಿತು. ಕೆಲಸಗಾರರ ನೆನಪಿಗೆ ಬಿ.ಟಿ.ಎಂ. ಕಡೆ ಮೈಕೋ ಲೇಔಟ್ ಎಂಬ ಹೆಸರು ಉಳಿದಿದೆ. ಜಾಲಹಳ್ಳಿಯಲ್ಲಿ 1953ರಲ್ಲಿ ಎಚ್‌ಎಂಟಿ ಬಂತು. ಯಂತ್ರಗಳನ್ನು ಮಾಡುವ ಯಂತ್ರ ಅಲ್ಲಿ ತಯಾರಾಯಿತು, 1960ರ ದಶಕದಿಂದ ಕೈಗಡಿಯಾರವೂ ತಯಾರಾಯಿತು. ಸರ್ಕಾರಿ ಕಾರ್ಖಾನೆಗಳಲ್ಲಿ ಮೀಸಲಾತಿ ಇದ್ದುದರಿಂದ ಕೇರಿಯ ಹುಡುಗ ಲೇತಿನ ಮುಂದೆ, ಮಿಲ್ಲಿಂಗ್ ಮೆಷೀನಿನ ಮುಂದೆ ನಿಲ್ಲುವಂತಾಯಿತು. ಅಲ್ಲಿ ಗೇಜು ಜಾತಿ ಕೇಳುವುದಿಲ್ಲ. ಅಳತೆ ಸರಿಯಿದ್ದರೆ ಭಾಗ ಪಾಸು. ನಮ್ಮ ಜನಕ್ಕೆ ವಿಟ್ನಿಯ ತತ್ವ ಕೊಟ್ಟ ಒಳ್ಳೆಯದನ್ನೂ ಹೇಳಬೇಕು, ಅದು ಇದು. ಆ ಬಾಗಿಲೂ ಕಿರಿದಾಗುತ್ತ ಬಂತು. ಎಚ್‌ಎಂಟಿಯ ವಾಚ್ ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ತೀರ್ಮಾನ ಮಾಡಿತು. ಖಾಸಗಿ ಕಾರ್ಖಾನೆಗೆ ಮೀಸಲಾತಿ ಅನ್ವಯಿಸುವುದಿಲ್ಲ.

ಈಗ ಹತ್ತಿ ಮತ್ತೆ ಬೇರೆ ರೂಪದಲ್ಲಿ ನಮ್ಮ ಹೆಣ್ಣುಮಕ್ಕಳ ಕೈಗೆ ಬಂದಿದೆ. ಗಾರ್ಮೆಂಟ್ಸಿನ ಲೈನಿನಲ್ಲಿ ಒಬ್ಬಳು ಕಾಲರು, ಒಬ್ಬಳು ತೋಳು, ಒಬ್ಬಳು ಕಾಜ. ಇಡೀ ಅಂಗಿ ಯಾರೂ ಹೊಲಿಯುವುದಿಲ್ಲ. ಗಂಟೆಗೆ ಇಷ್ಟು ಪೀಸು ಅಂತ ಟಾರ್ಗೆಟ್. ಇವತ್ತು ಇವಳು ಬರದಿದ್ದರೆ ಅವಳು. ಬಂದೂಕಿನ ಕುದುರೆಗೆ ಹೇಳಿದ ಮಾತನ್ನು ಹೆಣ್ಣಿನ ಮೈಗೆ ಹೇಳ್ತಿದ್ದಾರೆ. ಆದರೆ 2016ರ ಏಪ್ರಿಲಿನಲ್ಲಿ, ಪಿ.ಎಫ್. ದುಡ್ಡು ಪೂರ್ತಿ ತೆಗೆಯುವಂತಿಲ್ಲ ಎಂಬ ಕೇಂದ್ರದ ನಿಯಮದ ವಿರುದ್ಧ ಇದೇ ಹೆಣ್ಣುಮಕ್ಕಳು ಹೊಸೂರು ರಸ್ತೆಗೆ, ತುಮಕೂರು ರಸ್ತೆಗೆ ಸಾವಿರ ಸಾವಿರ ಲೆಕ್ಕದಲ್ಲಿ ಇಳಿದರು. ಎರಡೇ ದಿನದಲ್ಲಿ ಸರ್ಕಾರ ನಿಯಮ ವಾಪಸ್ ತಗೊಂಡಿತು. ಬಿಡಿಭಾಗಗಳು ಬೀದಿಗೆ ಬರುವುದಿಲ್ಲ, ಮನುಷ್ಯರು ಬರ್ತಾರೆ.

ಇನ್ನು ಯಂತ್ರ ಬಾರದ ಕೆಲಸ. ಮೈಕ್ರಾನ್ ಲೆಕ್ಕದಲ್ಲಿ ನಾಝಲ್ ಕೊರೆದ ಈ ಊರಿನಲ್ಲಿ, ಉಪಗ್ರಹ ಕಟ್ಟಿದ ಈ ಊರಿನಲ್ಲಿ, ಮನುಷ್ಯ ಮ್ಯಾನ್‌ಹೋಲಿಗೆ ಇಳಿದು ಸತ್ತ ಸುದ್ದಿ ಮತ್ತೆ ಮತ್ತೆ ಬಂದಿದೆ. ಮಲ ಹೊರುವುದನ್ನು ನಿಷೇಧಿಸಿ 1993ರಲ್ಲಿ ಒಂದು ಕಾಯಿದೆ, 2013ರಲ್ಲಿ ಇನ್ನೊಂದು ಕಾಯಿದೆ ಬಂತು. ಗುಂಡಿ ಶುಚಿ ಮಾಡುವ ಯಂತ್ರವೂ ಇದೆ. ಇದ್ದೂ ಮನುಷ್ಯನನ್ನೇ ಇಳಿಸುವುದು ಯಾಕೆ? ಮಿಸಿಸಿಪಿಯ ಒಡೆಯನಿಗೆ ಹತ್ತಿ ಕೀಳುವ ಯಂತ್ರದ ಅವಸರ ಇಲ್ಲದ್ದು ಯಾಕೋ, ಇದೂ ಅದಕ್ಕೇ. ಆ ಮೈ ಅಗ್ಗ. ಇಲ್ಲಿ ಅದಕ್ಕೆ ಜಾತಿಯ ಮುದ್ರೆಯೂ ಬಿದ್ದಿದೆ.

7

ಹಳ್ಳಿ ಶಾಲೆಗಳಲ್ಲಿ ಪಾಠ ಹೇಳುವ ಗೆಳೆಯರೆ, ಆ ಪಟ್ಟಿಯನ್ನು ತೆಗೆದುಹಾಕಿ ಅಂತ ನಾನು ಕೇಳುತ್ತಿಲ್ಲ. ವಿಟ್ನಿಯ ಜಾಣತನ ಸಣ್ಣದಲ್ಲ, ಮಕ್ಕಳು ತಿಳಿಯಲಿ. ಜಿನ್ನಿನ ಚಿತ್ರವನ್ನು ಬೋರ್ಡಿನ ಮೇಲೆ ಬರೆದು, ಹಲ್ಲು ಹೇಗೆ ಅರಳೆ ಎಳೀತದೆ, ಕಾಳು ಹೇಗೆ ಉಳೀತದೆ ಅಂತ ವಿವರಿಸಿ. ಆಮೇಲೆ ಮೂರು ಪ್ರಶ್ನೆ ಕೇಳಿ. ಆ ಹತ್ತಿಯನ್ನು ಕಿತ್ತವರು ಯಾರು? ಅದೇ ಹತ್ತಿ ಹೊಲಕ್ಕೆ ಸಾಧನ ಮಾಡಿದ ನೆಡ್‌ನ ಹೆಸರು ಪಟ್ಟಿಯಲ್ಲಿ ಯಾಕಿಲ್ಲ? ನಮ್ಮ ಊರಿನಲ್ಲಿ ಇನ್ನೂ ಯಂತ್ರ ಬಾರದ ಕೆಲಸ ಯಾವುದು, ಅದನ್ನು ಮಾಡುವವರ ಮನೆ ಯಾವ ಕೇರಿಯಲ್ಲಿದೆ?

ಮೊದಲ ಎರಡಕ್ಕೆ ಉತ್ತರ ನೀವು ಹೇಳಿಕೊಡಬೇಕು. ಮೂರನೆಯದಕ್ಕೆ ಉತ್ತರ ಕ್ಲಾಸಿನ ಕೊನೆಯ ಬೆಂಚಿನಲ್ಲಿ ಕೂತಿರುವ ಮಗುವಿಗೆ ಆಗಲೇ ಗೊತ್ತಿರ್ತದೆ. ಅದು ಬಾಯಿಬಿಟ್ಟು ಹೇಳುವಷ್ಟು ಧೈರ್ಯ ಆ ಕ್ಲಾಸಿನಲ್ಲಿ ಇರಬೇಕು, ಹೇಳಿದಾಗ ಉಳಿದವರು ನಗದಂತೆ ನೋಡಿಕೊಳ್ಳುವ ಮೇಷ್ಟ್ರೂ ಅಲ್ಲಿ ಇರಬೇಕು.